ಕಾಳ್ಯಾ ನಂಬಿದ ಮಾತು

ಚಿಂತೆ ಮಾಡಲು ಕಾರಣ ಸಿಗಲಿ ಎಂದು ನಾನು ಎಂದೂ ಕಾದವನಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಅರ್ಧ ದಾರಿಯ ಯರಗಟ್ಟಿಯಲ್ಲಿ ಬಸ್ಸಿಳಿದು ಮನೆಗೆ ಮರಳಿದವನು ನಾನು. ಅವತ್ತು ಸಿಲಿಂಡರೇ ಖಾಲಿಯಾಗಿತ್ತು. ಇಂಥವನಿಗೆ ಈ ವರ್ಷ ನಿಜವಾದ ಕಾರಣವೊಂದು ಸಿಕ್ಕಿತು. ಅದಕ್ಕೆ ನಾಲ್ಕು ಕಾಲು, ಹೆಸರು ಕಾಳ್ಯಾ.

ರಾಮದುರ್ಗದಲ್ಲಿ ಮಾಸ್ತರಿಕೆ ಮಾಡುವಾಗ ನಾವು ಗಂಗವ್ವನ ಮನೆಯಲ್ಲಿ ಬಾಡಿಗೆಗಿದ್ದೆವು. ಕಾಳ್ಯಾ ಓಣಿಯ ನಾಯಿ. ಆದರೆ ನಮ್ಮ ಕಟ್ಟೆಯನ್ನೂ ನನ್ನ ಹೆಂಡತಿಯ ರೊಟ್ಟಿಯನ್ನೂ ತನ್ನವೆಂದೇ ತಿಳಿದಿತ್ತು. ಬೈಲಹೊಂಗಲಕ್ಕೆ ವರ್ಗವಾಗಿ ಹೊರಟ ದಿನ ಓಣಿಯವರಿಗೆಲ್ಲ ಕೈಮುಗಿದು ‘ಬರ್ತೇನ್ರಿ’ ಎಂದೆ. ನಮ್ಮ ಕಡೆ ಹೋಗುವವರು ‘ಹೋಗ್ತೇನಿ’ ಅನ್ನುವಂತಿಲ್ಲ, ಅಪಶಕುನ. ಅದೇ ಭರದಲ್ಲಿ ಕಟ್ಟೆಯ ಮೇಲಿದ್ದ ಕಾಳ್ಯಾನಿಗೂ ‘ಬರ್ತೇನೋ’ ಅಂದುಬಿಟ್ಟೆ. ಮಂದಿಗೆ ಈ ಮಾತಿನ ಒಳಗುಟ್ಟು ಗೊತ್ತು, ಯಾರೂ ಚಹಾಕ್ಕೆ ನೀರಿಟ್ಟು ಕಾಯುವುದಿಲ್ಲ. ಕಾಳ್ಯಾ ಮಾತ್ರ ಬರ್ತೇನೆ ಎಂದರೆ ಬರ್ತೇನೆ ಎಂದೇ ತಿಳಿಯಿತು.

ಕೆಲವು ದಿನಗಳಲ್ಲಿ ಗಂಗವ್ವನ ಫೋನು. “ಮಾಸ್ತರ, ಈ ಕಾಳ್ಯಾಗ ಏನ್ ಹೇಳಿ ಹೋಗೀರಿ? ಕಟ್ಟಿ ಬಿಟ್ಟು ಏಳವಲ್ದು. ನಾ ಹಾಕಿದ ರೊಟ್ಟಿ ಮೂಸಿ ಸೈತ ನೋಡವಲ್ದು. ಹಿಂಗಾದ್ರ ಉಳಿಯೂದಿಲ್ಲ ನೋಡ್ರಿ ಇದು.”

ಅಲ್ಲಿಗೆ ನನ್ನ ಊಟವೂ ರುಚಿಗೆಟ್ಟಿತು. ಶಾಲೆಯ ವಿಜ್ಞಾನ ಮಾಸ್ತರರು, ಅದೆಲ್ಲ ಹುಟ್ಟುಗುಣ, ಅನ್ನ ಹಾಕಿದ ಕೈಯ ವಾಸನೆಯ ರೂಢಿ, ಪ್ರೀತಿಗೀತಿ ಏನಿಲ್ಲ ಎಂದು ಸಮಾಧಾನ ಹೇಳಿದರು. ಅದನ್ನು ಮನೆಯಲ್ಲಿ ಒಪ್ಪಿಸಿದೆ. “ಹೊಟ್ಟಿ ಸಲುವಾಗಿ ಯಾರರ ಉಪವಾಸ ಮಾಡ್ತಾರೇನ್ರಿ?” ಎಂದಳು ಹೆಂಡತಿ. ವಿಜ್ಞಾನ ಅಲ್ಲೇ ಕುಸಿಯಿತು.

ಭಾನುವಾರ ರೊಟ್ಟಿಯ ಗಂಟು ಹಿಡಿದು ರಾಮದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಒಂದು ಪರೀಕ್ಷೆ ಹೊಸೆದಿದ್ದೆ: ಮೊದಲು ಗಂಟು ಮೂಸಿದರೆ ಹುಟ್ಟುಗುಣ, ನನ್ನನ್ನು ಮೂಸಿದರೆ ಪ್ರೀತಿ. ಎಲ್ಲಿ ಗಂಟನ್ನೇ ಮೂಸೀತೋ ಎಂಬ ಹೆದರಿಕೆಗೆ ಅದನ್ನು ಬೆನ್ನ ಹಿಂದೆ ಹಿಡಿದಿದ್ದೆ. ಮಕ್ಕಳು ಹೀಗೆ ಮಾಡಿದ್ದರೆ ನಕಲು ಎಂದು ಹಿಡಿಯುತ್ತಿದ್ದೆ. ಪಕ್ಕೆಲುಬು ಕಾಣುತ್ತಿದ್ದ ಕಾಳ್ಯಾ ಓಡಿ ಬರಲಿಲ್ಲ. ನಿಧಾನ ಎದ್ದು ಬಂದು, ನನ್ನ ಚಪ್ಪಲಿಯ ಮೇಲೆ ಗದ್ದವಿಟ್ಟು, ಉದ್ದಕ್ಕೆ ಒಂದು ಉಸಿರು ಬಿಟ್ಟಿತು. ಗಂಟು ಬಿಚ್ಚಿದರೂ ಸುಮ್ಮನಿತ್ತು. ನಾನು ಪಕ್ಕ ಕುಳಿತು ಒಂದು ತುತ್ತು ಮುರಿದು ನನ್ನ ಬಾಯಿಗಿಟ್ಟುಕೊಂಡ ಮೇಲೆಯೇ ತಾನೂ ತಿಂದದ್ದು. ಇಷ್ಟು ನಂಬಿಕೆಗೆ ನಾನು ಲಾಯಕ್ಕೇ ಎಂಬ ಹೊಸ ಚಿಂತೆ ಹತ್ತಿತು.

ಹೊರಡುವ ಹೊತ್ತು ಬಂತು. ‘ಬರ್ತೇನಿ’ ಅಂದರೆ ಸುಳ್ಳು, ‘ಹೋಗ್ತೇನಿ’ ಅಂದರೆ ಅಪಶಕುನ. ಗಂಗವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಈ ಸಲ ನೋಡಿ ಮಾತಾಡ್ರಿ, ಮಾಸ್ತರ. ಅದು ಮನಸ್ಯಾ ಅಲ್ಲ, ಖರೇನ ನಂಬತೈತಿ.”

ಉಳಿದಿದ್ದು ಒಂದೇ ಮಾತು. “ಬಾ” ಎಂದೆ.

ಉಳ್ಳಾಗಡ್ಡಿ ಹೇರಿದ ಟೆಂಪೊದಲ್ಲಿ ನಾವಿಬ್ಬರೂ ಬೈಲಹೊಂಗಲ ಮುಟ್ಟಿದೆವು. ಈಗ ದಿನಾ ಮುಂಜಾನೆ ಅದಕ್ಕೆ ‘ಬರ್ತೇನೋ’ ಎಂದು ಹೇಳಿ ಶಾಲೆಗೆ ಹೋಗುತ್ತೇನೆ. ಹೇಳಿದ ಮೇಲೆ ಎಲ್ಲೂ ನಿಲ್ಲುವಂತಿಲ್ಲ. ಶಾಲೆ ಬಿಟ್ಟ ಕೂಡಲೇ ನೆಟ್ಟಗೆ ಮನೆ. ಮೊನ್ನೆ ಪಡಸಾಲೆಯಲ್ಲಿ ಕಾಳ್ಯಾನ ಪ್ರೀತಿಯ ಬಗ್ಗೆ ದೊಡ್ಡ ಭಾಷಣ ಮಾಡುತ್ತಲೇ ಹೆಂಡತಿಯ ಹಿಂದೆ ಅಡುಗೆಮನೆಗೆ ಬಂದೆ. ಅವಳು ತಿರುಗಿ ನೋಡಿದಳು.

“ಅದರ ಪರೀಕ್ಷಾ ಆತು. ನೀವು ಸಂಜಿಕ ಇಷ್ಟು ಓಡಿ ಬರೂದು ಯಾತಕ್ರಿ, ನನ್ನ ಸಲುವಾಗೋ, ರೊಟ್ಟಿ ಸಲುವಾಗೋ?”

‘ನಿನ್ನ ಸಲುವಾಗಿನ’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಕೈ ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದಾಗಿತ್ತು.