ಚೆನ್ನಯನ ಹುಡಿ ವಿಮೋಚನಾ ಯೋಜನೆ

ಅಂಬಾದಾಸರಾಯರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಚೆನ್ನಯ ತೀರ್ಥಕ್ಕೆಂದು ತಲೆ ಬಾಗಿಸಿದ. ಬಾಗಿಸಿದ ತಲೆಯಿಂದ ಒಂದು ಹಿಡಿ ಮರದ ಹುಡಿ ಸರ್ರನೆ ಜಾರಿ ಪಂಚಾಮೃತದ ಬಟ್ಟಲಿಗೆ ಬಿತ್ತು. ಭಟ್ಟರು ಬಟ್ಟಲನ್ನು ನೋಡಿದರು, ಆಮೇಲೆ ಮೇಲೆ ನೋಡಿದರು. ಅವರು ನೋಡಿದ್ದರಿಂದ ನೆರೆದವರೆಲ್ಲರೂ ಮೇಲೆ ನೋಡಿದರು.

"ಅಟ್ಟದ ಹಲಿಗಿಗೆ ಗೆದ್ದಲ ಹತ್ಯಾವ ನೋಡ್ರಿ ರಾಯರ," ಎಂದರು ಭಟ್ಟರು.

ಭಾರವನ್ನು ಗೆದ್ದಲಿನ ಮೇಲೆ ಹಾಕಿ ಸುಮ್ಮನಿದ್ದುಬಿಡೋಣ ಎಂದುಕೊಂಡ ಚೆನ್ನಯ. ಆದರೆ ಅವನ ಹೆಂಡತಿ ಪುಷ್ಪಾವತಿಗೆ ದೇವರ ಎದುರು ಸುಳ್ಳು ಆಗಿಬರುವುದಿಲ್ಲ (ದೇವರ ಬೆನ್ನ ಹಿಂದೆ ಅಷ್ಟು ಕಟ್ಟುನಿಟ್ಟಿಲ್ಲ).

"ಅದು ಗೆದ್ದಲಲ್ಲ ಭಟ್ರೇ, ನಮ್ಮವರು," ಎಂದಳು.

ನಮ್ಮ ಚೆನ್ನಯ ಮೂಲ್ಕಿ ಕಡೆಯವನು. ಠಾಣೆ ಶಹರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದ. ಅದು ಬಾಗಿಲು ಹಾಕಿದ ಮೇಲೆ ಅದೇ ಊರಿನ ನೌಪಾಡಾದ ಕಟ್ಟಡವೊಂದರಲ್ಲಿದ್ದ ತನ್ನ ಕೆಳಗಿನ ಮನೆಯ ಹೊರಕೋಣೆಯಲ್ಲೇ ಫೋಟೊಗಳಿಗೆ ಫ್ರೇಮ್ ಹಾಕಲು ಕುಳಿತ. ಮಸ್ಕತ್ತಿನಲ್ಲಿದ್ದ ಹೆಂಡತಿಯ ತಮ್ಮ ಒಂದು ಮೈಟರ್ ಸಾ ಕಳಿಸಿಕೊಟ್ಟ. ಹಿಡಿ ಹಿಡಿದು ಕೆಳಗೊತ್ತಿದರೆ ಮರದ ಪಟ್ಟಿಯನ್ನು ಕೂದಲೆಳೆಯಷ್ಟೂ ತಪ್ಪದೆ ನಲವತ್ತೈದು ಡಿಗ್ರಿಗೆ ಕೊಯ್ಯುವ ಕರೆಂಟಿನ ಗರಗಸ ಅದು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಅದಕ್ಕೆ ಮಡಚುವ ಕಾಲುಗಳೂ ಇದ್ದವು, ಬೆನ್ನಿಗೆ ಹುಡಿ ಎಳೆಯುವ ಇನ್ನೊಂದು ಯಂತ್ರವೂ ಇತ್ತು. ತಮ್ಮ ಗರಗಸ ಕಳಿಸಿದ್ದ. ಉಳಿದವುಗಳ ಚಿತ್ರ ಕಳಿಸಿದ್ದ. ಹೀಗಾಗಿ ಯಂತ್ರ ನೆಲದ ಮೇಲೆ ಕುಳಿತಿತ್ತು, ಅದರ ಮುಂದೆ ಚೆನ್ನಯ ಕುಕ್ಕರುಗಾಲಲ್ಲಿ ಕುಳಿತಿದ್ದ, ಹುಡಿ ಮಾತ್ರ ಎಲ್ಲಿಯೂ ಕೂರದೆ ಮೂರು ಮಾಳಿಗೆ ಹತ್ತುತ್ತಿತ್ತು.

ಮೂರನೆಯ ಮಾಳಿಗೆಯ ಅಂಬಾದಾಸರಾಯರು ಬಿಜಾಪುರದವರು, ಕಟ್ಟಡದ ಸೊಸೈಟಿಯ ಸೆಕ್ರೆಟರಿ. ಪ್ರಸಾದ ಕೊಟ್ಟ ಕೈಯಿಂದಲೇ ಆಜ್ಞೆಯನ್ನೂ ದಯಪಾಲಿಸಿದರು: "ಚೆನ್ನಯ, ಎಂಟು ದಿನ ಕೊಡ್ತೀನಿ. ಒಂಬತ್ತನೇ ದಿನ ಬಾಗಲಾಚೆ ಭುಸಾ ಕಂಡ್ರ, ನಿಮ್ಮ ಮಷೀನೂ ಬಾಗಲಾಚೆನ."

ಭುಸಾ ಎಂದರೆ ಈ ಊರಿನಲ್ಲಿ ಮರದ ಹುಡಿ. ಯಂತ್ರ ಹೊರಬಿದ್ದರೆ ಅದನ್ನು ಇಡಲು ಚೆನ್ನಯನಿಗೆ ಬೇರೆ ಜಾಗವಿರಲಿಲ್ಲ. ಇಡೀ ದಿನ ಕೆಲಸವಿಲ್ಲದೆ ಕುಳಿತ ಗಂಡನನ್ನು ಇಡಲು ಪುಷ್ಪಾವತಿಯ ಹತ್ತಿರವೂ ಜಾಗವಿರಲಿಲ್ಲ.

ಮೊದಲು ಕಾಲಿನ ಪ್ರಶ್ನೆ. ಸ್ಟೂಲಿನ ಮೇಲಿಟ್ಟರೆ ಯಂತ್ರ ಶುರುವಾದೊಡನೆ ಸ್ಟೂಲು ಅಡುಗೆಮನೆಯ ಕಡೆ ನಡೆಯತೊಡಗಿತು. ಚೆನ್ನಯ ಊಟದ ಮೇಜು ಕೇಳಿದ.

"ತಕ್ಕೊಳ್ಳಿ. ನಾಳೆಯಿಂದ ಊಟವನ್ನೂ ಅದೇ ಬಡಿಸಲಿ."

"ಹಾಗಾದ್ರೆ ನಿನ್ನ ಹೊಲಿಗೆ ಮಷೀನಿನ ಕಬ್ಬಿಣದ ಸ್ಟ್ಯಾಂಡು?"

"ಅದು ನನ್ನ ಅಮ್ಮ ಕೊಟ್ಟದ್ದು ಮಾರಾಯ್ರೆ!"

"ಇದು ನಿನ್ನ ತಮ್ಮ ಕೊಟ್ಟದ್ದು. ಎರಡೂ ಒಂದೇ ಮನೆಯವು, ಹೊಂದಿಕೊಳ್ತವೆ."

ತವರಿನ ಹೆಸರೆತ್ತಿದ ಮೇಲೆ ಅವಳೇ ಸ್ಟ್ಯಾಂಡಿನಿಂದ ಹೊಲಿಗೆ ಮಷೀನನ್ನು ಇಳಿಸಿದಳು. ಅದರ ಮೇಲೆ ಯಂತ್ರ ಕದಲದೆ ನಿಂತಿತು. ಆದರೆ ಎಂಟಡಿಯ ಪಟ್ಟಿ ಎರಡೂ ಬದಿಗೆ ಜೋತುಬಿದ್ದು, ಕೂಡಿಸಿದ ಫ್ರೇಮಿನ ಮೂಲೆ ಬಾಯಿ ಬಿಟ್ಟಿತು. ಎಡಕ್ಕೂ ಬಲಕ್ಕೂ ಗರಗಸದಷ್ಟೇ ಎತ್ತರದ ಆಸರೆ ಬೇಕು. ಎರಡು ಅಕ್ಕಿ ಡಬ್ಬಗಳು ಸೇವೆಗೆ ಬಂದವು. ಎಡದ್ದು ಬೆರಳಷ್ಟು ಗಿಡ್ಡ. ಅದರ ಮೇಲೆ ಮೂರು ಹಳೆಯ ಪಂಚಾಂಗ ಪೇರಿಸಿದಾಗ ಮೂಲೆ ಬಾಯಿ ಮುಚ್ಚಿತು. (ಪಂಚಾಂಗದಿಂದ ಚೆನ್ನಯನ ಬಾಳಿನಲ್ಲಿ ಏನಾದರೂ ಸರಿಹೋದದ್ದು ಅದೇ ಮೊದಲು.)

ಇನ್ನು ಹುಡಿ. ಯಂತ್ರದ ಹಿಂದೆ ಮಗುವಿನ ಕಾಲುಚೀಲದಷ್ಟು ದೊಡ್ಡ ಚೀಲವೊಂದಿತ್ತು. ಹುಡಿ ಅದನ್ನು ಗಮನಿಸಲೇ ಇಲ್ಲ. ಟೈ ಕಟ್ಟಿದವನೊಬ್ಬ ಮನೆಬಾಗಿಲಿಗೆ ಬಂದು ಮಾರಿಹೋಗಿದ್ದ ವ್ಯಾಕ್ಯೂಮ್ ಕ್ಲೀನರಿನ ಸೊಂಡಿಲು ಸಿಕ್ಕಿಸಿದರೆ, ಅದು ಆರು ಪಟ್ಟಿಗೆ ಹೊಟ್ಟೆ ತುಂಬಿ ಕೆಮ್ಮಿತು. ಕೊನೆಗೆ ನೆರೂಳದಲ್ಲಿ ಹೊಟೇಲಿಟ್ಟಿದ್ದ ಗೆಳೆಯ ಕಿಟ್ಟು ತನ್ನ ಅಡುಗೆಮನೆಯಿಂದ ಕಳಚಿದ ಎಕ್ಸಾಸ್ಟ್ ಫ್ಯಾನನ್ನು ದಾನ ಮಾಡಿದ. ಗರಗಸದ ಹಿಂದೆ ರಟ್ಟಿನ ಗೂಡು, ಗೂಡಿನ ಬೆನ್ನಿಗೆ ಫ್ಯಾನು, ಅಲ್ಲಿಂದ ಕಿಟಕಿ ದಾಟಿ ಹಿತ್ತಲಿನ ಡ್ರಮ್ಮಿಗೆ ಪೈಪು. ಗಾಳಿ ಹೊರಹೋಗಿ ಹುಡಿ ಒಳಗುಳಿಯಲೆಂದು ಡ್ರಮ್ಮಿನ ಬಾಯಿಗೆ ಪುಷ್ಪಾವತಿಯ ಹಳೆಯ ನೂಲಿನ ಸೀರೆ. ನಾಲ್ಕನೆಯ ದಿನ ಸ್ವಿಚ್ಚು ಒತ್ತಿದಾಗ ಹುಡಿಯೆಲ್ಲ ವಿಧೇಯವಾಗಿ ಡ್ರಮ್ಮು ಸೇರಿತು. ಸ್ವಲ್ಪ ಬಟಾಟೆ ವಡೆಯ ವಾಸನೆ ಬರುತ್ತಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ನೋಡಿದರೆ ಡ್ರಮ್ಮು ಖಾಲಿ! ಅದರ ಮರುದಿನವೂ ಖಾಲಿ.

"ಗಾಳಿಯ ರಭಸಕ್ಕೆ ಹುಡಿ ಲಯವಾಗ್ತದೆ," ಎಂದು ಚೆನ್ನಯ ಗಂಭೀರವಾಗಿ ವಿವರಿಸಿದ.

"ಲಯವಾಗುವ ಹುಡಿ ಸೀರೆಯ ಗಂಟನ್ನೂ ಬಿಚ್ಚಿ ಕಟ್ತದಾ? ಈ ಗಂಟು ನಾನು ಹಾಕಿದ್ದಲ್ಲ."

ಹೆಂಗಸರಿಗೆ ವಿಜ್ಞಾನ ತಿಳಿಯದು ಎಂದುಕೊಂಡು ಚೆನ್ನಯ ಮುಂದಿನ ಪಟ್ಟಿಯ ಮೇಲೆ ಗರಗಸ ಇಳಿಸಿದ. ಎಂಟನೆಯ ದಿನ ವಿಜಯೋತ್ಸವದ ನೆಪದಲ್ಲಿ ಯಂತ್ರಕ್ಕೂ ತನಗೂ ರಜೆ ಕೊಟ್ಟ.

ಒಂಬತ್ತನೆಯ ದಿನ ಬೆಳಿಗ್ಗೆ ಅಂಬಾದಾಸರಾಯರು ರಿಜಿಸ್ಟರ್ ಹಿಡಿದು ಇಳಿದರು. ಬಗ್ಗಿ ಹೊಸ್ತಿಲು ಸವರಿದರು. ಬೆರಳಿಗೆ ಏನೂ ಹತ್ತಲಿಲ್ಲ. ಚೆನ್ನಯ ಮೀಸೆ ತಿರುವಬೇಕೆನ್ನುವಷ್ಟರಲ್ಲಿ ರಾಯರ ಮನೆಗೆಲಸದ ಭೀಮಮ್ಮ ಹಿತ್ತಲಿನಿಂದ ಖಾಲಿ ಚೀಲ ಬೀಸುತ್ತ ಬಂದಳು.

"ಯಣ್ಣಾ, ನಿನ್ನಿ ಮಷೀನ್ ಯಾಕ ಹಚ್ಚಿಲ್ಲ? ಡ್ರಮ್ಮಿನ್ಯಾಗ ಹಿಡಿ ಭುಸಾ ಇಲ್ಲ. ಅಜ್ಜೀ ಮಡಿ ನೀರ ಹ್ಯಾಂಗ ಕಾಸ್ಲಿ?"

ರಾಯರ ತಾಯಿಗೆ ಗೀಜರಿನ ನೀರು ಮಡಿಗೆ ಬಾರದು. ಬೆಂಕಿಯ ಮೇಲೆ ಹಂಡೆಯಲ್ಲಿ ಕಾದದ್ದೇ ಆಗಬೇಕು. ಅದಕ್ಕೆಂದೇ ಬಾಲ್ಕನಿಯಲ್ಲಿ ಭುಸಾ ಒತ್ತಿ ತುಂಬಿ ಉರಿಸುವ ತಗಡಿನ ಶೇಗಡಿ ಇತ್ತು. ಭೀಮಮ್ಮ ಮೊದಲೆಲ್ಲ ದೂರದ, ಮರ ಮಾರುವ ವಖಾರಿಯಿಂದ ಭುಸಾ ಹೊತ್ತು ತರುತ್ತಿದ್ದಳು. ನಾಲ್ಕು ದಿನದಿಂದ ಚೆನ್ನಯನ ಡ್ರಮ್ಮೇ ಅವಳ ವಖಾರಿಯಾಗಿತ್ತು.

"ಅಂಬ್ಯಾ!" ಮೇಲಿನಿಂದ ಮುದಿ ದನಿಯೊಂದು ಇಳಿಯಿತು. "ನೀರು ಕಾದಾವೇನೋ?"

ಸೊಸೈಟಿಯ ಸೆಕ್ರೆಟರಿ ನಿಂತಲ್ಲೇ ಎಂಟು ವರ್ಷದ ಹುಡುಗನಾದರು.

"ಮಷೀನ್ ಇರ್ಲಿ ಚೆನ್ನಯ," ಎಂದರು ತಗ್ಗಿದ ದನಿಯಲ್ಲಿ. "ಆದ್ರ ದಿನಾ ಸಂಜೀಕ ಡ್ರಮ್ ತುಂಬಿರಬೇಕು."

"ಆರ್ಡರ್ ಇಲ್ಲದ ದಿನ ಏನು ಕೊಯ್ಯುವುದು ರಾಯರೇ?"

"ಆರ್ಡರ್ ಈಗ ಬಂತಲ್ಲ ಯಣ್ಣಾ," ಎಂದಳು ಭೀಮಮ್ಮ. "ಸಣ್ಣಗ ಕೊಯ್ಯಿ, ದಪ್ಪಾದ್ರ ಹೊಗಿ ಆಗ್ತದ. ಮತ್ತ ಆ ವಡಾದ ವಾಸನಿ ಮೊದಲ ತೆಗಿ. ಅಜ್ಜಿಗೆ ಉಳ್ಳಾಗಡ್ಡಿ ನಡ್ಯಾಂಗಿಲ್ಲ."

ಪುಷ್ಪಾವತಿ ಆಗಲೇ ಫ್ಯಾನು ತೊಳೆಯಲು ಬಿಸಿನೀರು ತರಹೋಗಿದ್ದಳು. ರಾಯರು ರಿಜಿಸ್ಟರ್ ಬಿಚ್ಚಿ, ಪೆನ್ನಿನ ಟೋಪಿ ತೆಗೆದು, ಕಳೆದುಹೋದ ಗಾಂಭೀರ್ಯವನ್ನು ಮತ್ತೆ ಮುಖಕ್ಕೆ ತಂದುಕೊಂಡರು.

"ಇದರಾಗ ನಿಮ್ಮ ಉದ್ಯೋಗ ಏನಂತ ಬರೀಲಿ?"

ಚೆನ್ನಯ ಹೊಲಿಗೆ ಸ್ಟ್ಯಾಂಡಿನ ಮೇಲಿನ ಗರಗಸವನ್ನೂ ಅರ್ಧಕ್ಕೆ ನಿಂತ ಫ್ರೇಮನ್ನೂ ನೋಡಿದ.

"ಭುಸಾ ಅಂತ ಬರೆಯಿರಿ," ಎಂದ. "ಮಿಕ್ಕಿದ್ದರಲ್ಲಿ ಫ್ರೇಮ್ ಆಗ್ತದೆ."