ಚಪ್ಪಲಿ ಬಿಡಬೇಕಿಲ್ಲದ ಜಾಗ

ಎಲ್ಲದಕ್ಕೂ ಕಾರಣ ಇಪ್ಪತ್ತು ವರ್ಷದ ಹಿಂದೆ ಚಿದಂಬರನ ಬಾಯಿಂದ ಜಾರಿದ ಒಂದೇ ಒಂದು ಮಾತು: “ನೀವು ಹೋಗ್ಬನ್ನಿ, ಚಪ್ಪಲಿ ನಾನು ನೋಡ್ಕೋತೀನಿ.”

ಆಗ ಅವನು ಮದುವೆಯಾಗಿ ಚಾಮರಾಜಪೇಟೆಯ ಆ ಬೀದಿಗೆ ಹೊಸದಾಗಿ ಬಂದಿದ್ದ. ಬೀದಿಯವರೆಲ್ಲ ಸೇರಿ ಬೇಲೂರಿಗೆ ಹೋಗಿದ್ದರು. ಮರ್ಯಾದೆಗೆ ಅಂದ ಮಾತು ಅದು. ಮರ್ಯಾದೆಗೆ ಅಂದಿದ್ದನ್ನು ನಿಜವೆಂದು ನಂಬುವ ಜನರ ಮುಂದೆ ಬಾಯಿ ಬಿಡಬಾರದು. ಅಂದಿನಿಂದ ಬೀದಿಯ ಪ್ರತಿ ಪ್ರವಾಸದಲ್ಲೂ ಚಪ್ಪಲಿ ಕಾಯುವ ಕೆಲಸ ಅವನದೇ ಆಯಿತು. ಬೇಲೂರಿನ ಶಿಲಾಬಾಲಿಕೆಯರನ್ನು ಅವನು ನೋಡಿಲ್ಲ. ಶ್ರವಣಬೆಳಗೊಳದಲ್ಲಿ ಬೆಟ್ಟದ ಬುಡದಲ್ಲೇ ಕೂತಿದ್ದ. ಗೊಮ್ಮಟನ ಕಾಲಲ್ಲಿ ಚಪ್ಪಲಿ ಇಲ್ಲ ಎಂದು ಆಮೇಲೆ ಯಾರೋ ಹೇಳಿದಾಗ, “ಸದ್ಯ, ಒಂದು ಜೊತೆ ಕಮ್ಮಿ ಆಯ್ತು” ಎಂದುಕೊಂಡಿದ್ದ.

ಹೀಗಿರುವಾಗ ಆಫೀಸಿನ ಮೋನಿಷಾ ಕಂಟೋನ್ಮೆಂಟ್ ಕಡೆಯ ಹಳೇ ಚರ್ಚಿನಲ್ಲಿ ಒಂದು ಮದುವೆಗೆ ಹೋಗಿಬಂದು ಫೋಟೋ ತೋರಿಸಿದಳು. ಆಕಾಶಕ್ಕೆ ಚುಚ್ಚುವಂಥ ಗೋಪುರ, ಮೊನಚು ಕಮಾನು, ಆಳೆತ್ತರದ ಬಣ್ಣದ ಗಾಜಿನ ಕಿಟಕಿ, ಅದರಿಂದ ನೆಲದ ಮೇಲೆ ರಂಗೋಲಿಯ ಹಾಗೆ ಚೆಲ್ಲಿದ ಬೆಳಕು. “ಗಾಥಿಕ್ ಅಂತಾರೆ ಸಾರ್ ಇದನ್ನ” ಎಂದಳು.

ಚಿದಂಬರ ನೋಡಿದ್ದು ಬೇರೆಯೇ. ಫೋಟೋದಲ್ಲಿ ಎಲ್ಲರೂ ಬೂಟು ಹಾಕಿಕೊಂಡೇ ಒಳಗೆ ನಿಂತಿದ್ದರು.

ಅವತ್ತು ಸಂಜೆಯೇ ಬೀದಿಯಲ್ಲಿ ಹೇಳಿಬಿಟ್ಟ: “ಈ ಸಲ ಪ್ರವಾಸ ಅಲ್ಲಿಗೇ.” ಹೆಂಡತಿ ಚೂಡಾಮಣಿಗೆ ಮಾತ್ರ ಗುಟ್ಟು ಹೇಳಿದ. “ಬಣ್ಣದ ಬೆಳಕಲ್ಲಿ ಐದು ನಿಮಿಷ ನಿಲ್ಬೇಕು ಕಣೇ. ಅಷ್ಟು ಸಾಕು.”

ಭಾನುವಾರ ಬೆಳಿಗ್ಗೆ ಬಾಡಿಗೆ ವ್ಯಾನಿನಿಂದ ಒಂಬತ್ತು ಜನ ಇಳಿದರು. ಚಿದಂಬರನ ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಹಿಂದೆ ಟಪ್ ಟಪ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ಎದುರುಮನೆ ಗಂಗರತ್ನಮ್ಮ ಚಪ್ಪಲಿ ಬಿಡುತ್ತಿದ್ದಾರೆ.

“ಅಮ್ಮಾ, ಇಲ್ಲಿ ಬಿಡೋ ಹಂಗಿಲ್ಲ! ಹಾಕ್ಕೊಂಡೇ ಹೋಗ್ಬೋದು!”

“ದೇವ್ರು ಯಾರಾದ್ರೇನು ಕಣಪ್ಪಾ? ರಸ್ತೆ ಕೊಳೆ ತುಳ್ಕೊಂಡು ಒಳಗೆ ಹೋಗೋಕ್ಕಾಗುತ್ತಾ? ಥೂ!”

“ನೋಡಿ, ಅವರೆಲ್ಲ ಹೋಗ್ತಿದಾರೆ!”

“ಅವರ ಮನೇಲಿ ಹೇಳೋರಿಲ್ಲ ಅಂತ ನಮ್ಮನೇಲೂ ಇಲ್ವಾ?”

ಬೀದಿಯ ಯಜಮಾನಿಕೆ ರಿಟೈರ್ಡ್ ಮೇಷ್ಟ್ರು ಶೀನಣ್ಣನವರದು. ತೀರ್ಪಿಗಾಗಿ ಎಲ್ಲರೂ ಅವರ ಕಡೆ ನೋಡುವಷ್ಟರಲ್ಲಿ ಅವರೂ ಒಂದು ಚಪ್ಪಲಿ ಬಿಟ್ಟಾಗಿತ್ತು. ಎಂಟು ಜೊತೆ ಸಾಲಾಗಿ ನಿಂತವು.

“ನಾನು ಮಾತ್ರ ಬೂಟು ಬಿಚ್ಚಲ್ಲ” ಎಂದ ಚಿದಂಬರ, ದನಿ ಏರಿಸಿ.

“ಬಿಚ್ಚಬೇಡಿ ಸ್ವಾಮಿ, ಬಲವಂತ ಇಲ್ಲ” ಎಂದರು ಶೀನಣ್ಣ. “ಬಿಚ್ಚದೆ ಇರೋರು ಇಲ್ಲೇ ಇರ್ತೀರಲ್ಲ, ಇದನ್ನೂ ಒಂದ್ಸಲ ನೋಡ್ಕೊಳ್ಳಿ.”

ಎಂಟು ಜನ ಒಳಗೆ ಹೋದರು. ಚೂಡಾಮಣಿ ಒಮ್ಮೆ ತಿರುಗಿ ಪಾಪ ಎನ್ನುವಂತೆ ನೋಡಿ, “ನಂದು ಹೊಸದು ರೀ” ಎಂದು ಹೇಳಿ ಹೋದಳು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಯಾರೋ ವಿದೇಶಿ ಗಂಡ ಹೆಂಡತಿ ಬಂದರು. ಸಾಲು ನೋಡಿದರು, ಕಾವಲಿಗೆ ನಿಂತ ಚಿದಂಬರನನ್ನು ನೋಡಿದರು, ಕೈ ಮುಗಿದು ತಮ್ಮ ದೋಣಿಯಂಥ ಬೂಟು ಬಿಚ್ಚತೊಡಗಿದರು.

“ನೋ ನೋ! ಯು ಗೋ, ವಿತ್ ಶೂ!” ಎಂದು ಇವನು ಎರಡೂ ಕೈ ಆಡಿಸಿದ. ಇವನು ಸಂಕೋಚ ಮಾಡಿಕೊಳ್ಳುತ್ತಿದ್ದಾನೆಂದು ತಿಳಿದು ಅವರು ಕೊಡೆಯನ್ನೂ ಕೈಗೆ ಕೊಟ್ಟು ಹೋದರು.

ಹಿಂದೆಯೇ ಕಾಲೇಜು ಹುಡುಗರ ಗುಂಪು. “ಮಗಾ, ಇಲ್ಲಿ ಬಿಡ್ಬೇಕಂತೆ. ಅಂಕಲ್, ಟೋಕನ್ ಇಲ್ವಾ?”

“ನಾನು ಚಪ್ಪಲಿ ಸ್ಟ್ಯಾಂಡಿನವನಲ್ರೀ!”

“ಸರಿ ಬಿಡಿ ಅಂಕಲ್, ನಂಬಿಕೆ ಮೇಲೆ ಬಿಟ್ಟೋಗ್ತೀವಿ.”

ಹನ್ನೊಂದು ಗಂಟೆಗೆ ನೂರು ಜೊತೆ ದಾಟಿತು. ಆ ಚರ್ಚಿಗೇ ದಿನಾ ಬರುವವರೂ ಹೊಸ ಪದ್ಧತಿ ಇರಬೇಕು ಎಂದುಕೊಂಡು ಬಿಚ್ಚತೊಡಗಿದರು. ಚಪ್ಪಲಿಗಳು ಒಂದರ ಮೇಲೊಂದು ಬಿದ್ದು ಮಾಮೂಲ್‌ಪೇಟೆಯ ಶನಿವಾರದ ನೂಕುನುಗ್ಗಲಿನ ಹಾಗೆ ಆಯಿತು. ಅದನ್ನು ಕಣ್ಣಲ್ಲಿ ನೋಡಿಕೊಂಡು ಸುಮ್ಮನಿರಲು ಚಿದಂಬರನಿಗೆ ಆಗಲಿಲ್ಲ. ಇಪ್ಪತ್ತು ವರ್ಷದ ಅನುಭವ ಸುಮ್ಮನಿರಲು ಬಿಡುತ್ತದೆಯೇ? ಹೆಂಗಸರದು ಎಡಕ್ಕೆ, ಗಂಡಸರದು ಬಲಕ್ಕೆ, ಬೂಟು ಗೋಡೆಗೆ, ಮಧ್ಯೆ ಓಡಾಡಲು ದಾರಿ. ಯಾವನೋ ಹೋಗುವಾಗ ಬೇರೆಯವರ ಚಪ್ಪಲಿಗೆ ಕಾಲು ತೂರಿಸಿದ.

“ಏಯ್! ನಿಮ್ದು ಹಿಮ್ಮಡಿ ಸವೆದಿರೋದು, ಮೂರನೇ ಸಾಲು!”

ಅವನು ಕಕ್ಕಾಬಿಕ್ಕಿಯಾಗಿ ಮೂರನೇ ಸಾಲಿಗೆ ಹೋದ. ಅಲ್ಲೇ ಇತ್ತು.

ಚಿದಂಬರ ಹೆಂಡತಿಗೆ ಫೋನು ಮಾಡಿದ. “ಯಾರನ್ನಾದ್ರೂ ಹೊರಗೆ ಕಳಿಸೇ, ನಾನು ಬರ್ತೀನಿ.”

“ಶ್... ಮೆತ್ತಗೆ ಮಾತಾಡಿ” ಎಂದು ಅವಳು ಪಿಸುಗುಟ್ಟಿದಳು. “ಅದೆಷ್ಟು ಚೆನ್ನಾಗಿದೆ ಗೊತ್ತಾ ರೀ! ನೀಲಿ ಬೆಳಕು ನನ್ನ ಸೆರಗಿನ ಮೇಲೇ ಬಿದ್ದಿದೆ. ಶೀನಣ್ಣನವರ ತಲೆ ಕೆಂಪಗಿದೆ. ಯಾರೂ ಏಳೋ ಹಂಗೆ ಕಾಣಲ್ಲ.”

ಫೋನು ಕಟ್ಟಾಯಿತು. ಚಿದಂಬರನ ತಲೆಯೂ ಕೆಂಪಾಯಿತು, ಯಾವ ಗಾಜಿನ ಸಹಾಯವೂ ಇಲ್ಲದೆ.

“ಹಾಳಾಗ್ಹೋಗಲಿ! ನಾಯಿ ಕಚ್ಕೊಂಡು ಹೋಗಲಿ!” ಎಂದವನೇ ಕೊಡೆಯನ್ನು ಗೋಡೆಗೆ ಒರಗಿಸಿ, ಬೂಟುಗಾಲಲ್ಲೇ ದಡದಡನೆ ಮೆಟ್ಟಿಲು ಹತ್ತಿದ. ಬಾಗಿಲಿಗೆ ಮೂರೇ ಹೆಜ್ಜೆ. ಒಳಗಿನ ತಂಪು ಮುಖಕ್ಕೆ ಬಡಿಯಿತು. ಆಗ ಬಿಳಿ ನಿಲುವಂಗಿಯ ಮುದಿ ಪಾದ್ರಿಯೊಬ್ಬರು ಎದುರಿಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

“ಇದನ್ನೆಲ್ಲ ಮಾಡಿದ್ದು ನೀವೇನಾ?”

“ತಪ್ಪಾಯ್ತು ಫಾದರ್. ನಾನು ಬೇಡ ಬೇಡ ಅಂದೆ...”

“ತಪ್ಪೇ? ನಮ್ಮ ಹಳ್ಳೀಲಿ ಎಲ್ರೂ ಬರಿಗಾಲಲ್ಲೇ ಚರ್ಚಿಗೆ ಬರ್ತಿದ್ರು. ಇಲ್ಲಿ ಹನ್ನೊಂದು ವರ್ಷದಿಂದ ಹೇಳ್ತಿದೀನಿ, ಒಬ್ರೂ ಕೇಳಲಿಲ್ಲ. ನೀವು ಒಂದೇ ಬೆಳಿಗ್ಗೇಲಿ ಮಾಡಿಬಿಟ್ರಿ! ಇವತ್ತಿಂದ ಇದೇ ನಿಯಮ. ನಾಳೆ ಬೋರ್ಡು ಬರೆಸ್ತೀನಿ.”

ಬೂಟು ಹಾಕಿಕೊಂಡು ಒಳಗೆ ಹೋಗಬಹುದಾಗಿದ್ದ ಒಂದೇ ಒಂದು ಜಾಗವೂ ಚಿದಂಬರನ ಕಣ್ಣೆದುರೇ ಮುಚ್ಚಿಕೊಂಡಿತು. ಆದರೂ ಅವನು ಆಸೆ ಬಿಡಲಿಲ್ಲ. “ನಾನೂ ಬಿಚ್ತೀನಿ ಫಾದರ್. ಐದೇ ನಿಮಿಷ ಒಳಗೆ ನೋಡ್ಕೊಂಡು...”

“ಖಂಡಿತ! ನಾನೇ ಖುದ್ದಾಗಿ ಎಲ್ಲಾ ತೋರಿಸ್ತೀನಿ. ಆದ್ರೆ ಈಗ ಪೂಜೆಗೆ ಇನ್ನೂ ಆರುನೂರು ಜನ ಬರೋ ಹೊತ್ತು. ನೀವು ಒಳಗೆ ಬಂದ್ಬಿಟ್ರೆ ಈ ನಿಯಮ ಮೊದಲ ದಿನವೇ ಸತ್ತುಹೋಗುತ್ತೆ. ಇದನ್ನೆಲ್ಲ ಯಾರು ನೋಡ್ಕೋತಾರೆ, ಹೇಳಿ?”

ಚಿದಂಬರ ಬಾಯಿ ಬಿಗಿಹಿಡಿದ. ಈ ಸಲ ಜಪ್ಪಯ್ಯ ಅಂದರೂ ಆ ಮಾತು ಆಡುವುದಿಲ್ಲ ಎಂದು ಹಲ್ಲು ಕಚ್ಚಿದ. ಅಷ್ಟರಲ್ಲಿ ಚರ್ಚಿನೊಳಗಿಂದ ಬಂದ ಶೀನಣ್ಣ ಅವನ ಹೆಗಲ ಮೇಲೆ ಹೆಮ್ಮೆಯಿಂದ ಕೈಯಿಟ್ಟರು.

“ಯೋಚ್ನೆ ಬೇಡ ಫಾದರ್, ಇವರೇ ನೋಡ್ಕೋತಾರೆ. ಇಪ್ಪತ್ತು ವರ್ಷ ಸರ್ವೀಸು!”

ಪಾದ್ರಿಗಳು ಕೂಡಲೇ ಒಳಗಿನಿಂದ ಒಳ್ಳೆಯ ತೇಗದ ಕುರ್ಚಿ ತರಿಸಿದರು. ಇಪ್ಪತ್ತು ವರ್ಷದಲ್ಲಿ ಚಿದಂಬರನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಬರುವವರೆಲ್ಲ ಚೆನ್ನಾಗಿ ಕಾಣಲಿ ಎಂದು ಅದನ್ನು ಚರ್ಚಿಗೆ ಬೆನ್ನು ಮಾಡಿ, ರಸ್ತೆಯ ಕಡೆಗೆ ತಿರುಗಿಸಿ ಹಾಕಿದರು.