ಓಡಿಸುವವನ ಪಾಡು

ವಿಜಯಪುರದ ಒಂದು ಕಾಲೇಜಿನಲ್ಲಿ ನಾನು ಓಟ, ಜಿಗಿತ, ಎಸೆತಗಳ ಕೋಚ್. ಮಂದಿ ತಿಳಿದಿರುವ ಹಾಗೆ ಇದು ಸೀಟಿ ಊದಿ ಸಂಬಳ ತೆಗೆದುಕೊಳ್ಳುವ ಕೆಲಸ. ನನ್ನ ಹೆಂಡತಿಯೂ ಹಾಗೇ ತಿಳಿದಿದ್ದಾಳೆ. ಆದರೆ ಮೈದಾನಕ್ಕೆ ಕಾಲಿಟ್ಟ ದಿನದಿಂದ ಒಂದಲ್ಲ ಒಂದು ಫಜೀತಿ ಆಗದೆ ನಾನು ಮನೆಗೆ ಹೋದದ್ದು ಕಡಿಮೆ. ಅದರಲ್ಲೂ ಹೊನವಾಡದ ಒಬ್ಬ ಹುಡುಗಿ ನನ್ನ ಕೈಗೆ ಸಿಕ್ಕ ವರ್ಷ ಆದದ್ದನ್ನೆಲ್ಲ ನೆನೆದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ.

ಬಸ್ಸಿನ ಹಿಂದೆ

ಸಂಬಂಧಿಕರ ಮನೆಯ ಕಾರ್ಯ ಮುಗಿಸಿಕೊಂಡು ಹೊನವಾಡದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಕೂತದ್ದು ಹಿಂದಿನ ಸೀಟಿನಲ್ಲಿ. ಬಸ್ಸು ಊರು ಬಿಡುತ್ತಿದ್ದಂತೆ ದ್ರಾಕ್ಷಿ ತೋಟದ ಕಡೆಯಿಂದ ಒಬ್ಬ ಹುಡುಗಿ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಓಡಿ ಬಂದಳು. ಬಸ್ಸು ನಿಲ್ಲಿಸಲು ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟ. ನಾನು ಅವನ ಕೈ ಹಿಡಿದು, ಇನ್ನೊಂದಿಷ್ಟು ದೂರ ಓಡಲಿ, ತಡೀರಿ ಅಂದೆ.

ಆ ಹುಡುಗಿಯ ಓಟ ನೋಡಬೇಕಿತ್ತು. ಚಪ್ಪಲಿ ಕೈಯಲ್ಲಿದ್ದವು. ಮಣ್ಣಿನ ರಸ್ತೆ, ಬಸ್ಸು ಎಬ್ಬಿಸಿದ ಧೂಳು, ಆದರೂ ಅವಳ ತಲೆ ಅಲುಗುತ್ತಿರಲಿಲ್ಲ. ಇಂಥ ಓಟಗಾರ್ತಿಗಾಗಿ ನಾನು ಎಷ್ಟೋ ವರ್ಷದಿಂದ ಕಾದಿದ್ದೆ. ಬಸ್ಸಿನ ಹೆಂಗಸರು ಮಾತ್ರ ನನಗೆ ಕರುಳೇ ಇಲ್ಲವೆಂದು ಬೈಯತೊಡಗಿದರು. ಹಿಂದಿನ ಸೀಟಿನವರಿಗೆ ತಲೆ ಕೆಟ್ಟಿದೆ ಎಂದು ಕಂಡಕ್ಟರ್ ಡ್ರೈವರಿಗೆ ಕೂಗಿ ಹೇಳಿದ. ಅಷ್ಟರಲ್ಲಿ ಕುರಿ ಹಿಂಡು ಅಡ್ಡ ಬಂದು ಬಸ್ಸು ತಾನೇ ನಿಂತಿತು.

ಹುಡುಗಿ ಹತ್ತಿದವಳೇ ಬಸ್ಸು ನಿಲ್ಲಿಸಬೇಡ ಅಂದವರು ಯಾರು ಎಂದು ಕೇಳಿದಳು. ಇಡೀ ಬಸ್ಸು ನನ್ನ ಕಡೆ ಬೆರಳು ಮಾಡಿತು. ನಾನು ಕಾಲೇಜಿನ ಹೆಸರು ಹೇಳಿ, ಅಲ್ಲಿನ ಕೋಚ್ ನಾನೇ, ನಿನ್ನ ದಮ್ಮು ಎಷ್ಟಿದೆ ಎಂದು ನೋಡಬೇಕಿತ್ತು ಅಂದೆ. ಅವಳು ಅದೇ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷಕ್ಕೆ ಸೇರಿದ್ದಾಳೆಂದು ಆಗ ತಿಳಿಯಿತು. ಗುರುಗಳೆಂಬ ಗೌರವಕ್ಕೆ ದನಿ ಇಳಿಸಿದಳು, ಸಿಟ್ಟು ಇಳಿಸಲಿಲ್ಲ.

"ನಮಸ್ಕಾರ್ರಿ ಸರ. ಈಗ ತಿಕೋಟಾದಾಗ ನೀವ ಇಳೀರಿ. ನಿಮ್ಮ ದಮ್ಮ ಎಷ್ಟೈತಿ, ನಾನೂ ನೋಡತೀನಿ."

ಆಯಿಯ ಶರತ್ತು

ಅವಳ ಮನೆಯಲ್ಲಿ ಎಲ್ಲವೂ ಆಯಿ ಹೇಳಿದಂತೆ. ಆಯಿ ಅಂದರೆ ಅವಳ ತಂದೆಯ ತಾಯಿ. ಹುಡುಗಿಯನ್ನು ಓಟಕ್ಕೆ ಕಳಿಸಿ ಎಂದು ಕೇಳಲು ನಾನು ಹೋದಾಗ ತಂದೆ ಪೂರ್ತಿ ಕೇಳಿಸಿಕೊಂಡು, ಆಯಿಯ ಕಡೆ ನೋಡಿದರು. ಆಯಿ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತದೆಯೇ ವಿಚಾರಣೆ ಶುರು ಮಾಡಿದರು.

ಓಡುವಾಗ ಇವಳ ಬೆನ್ನು ಹತ್ತುವವರು ಯಾರು ಎಂದು ಕೇಳಿದರು. ಯಾರೂ ಇಲ್ಲ ಅಂದೆ. ಹಾಗಾದರೆ ಎಲ್ಲಿಗೆ ಹೋಗಿ ಮುಟ್ಟಬೇಕು ಎಂದರು. ಎಲ್ಲಿಗೂ ಅಲ್ಲ, ಮೈದಾನ ಸುತ್ತಿ ಹೊರಟಲ್ಲಿಗೇ ಬರಬೇಕು ಅಂದೆ. ಆಗ ಮೊರ ಕೆಳಗಿಟ್ಟರು.

"ಹೊಂಟ ಜಾಗಾಕ್ಕ ತಿರಗಿ ಬರೂದಿದ್ರ, ಅಲ್ಲೇ ಕುಂದರಾಕ ಏನ ಧಾಡೀರಿ ಮಾಸ್ತರ?"

ಹುಡುಗಿ ಬಾಗಿಲ ಹಿಂದೆ ನಿಂತು ವೇಲಿನ ತುದಿ ಕಚ್ಚುತ್ತಿದ್ದಳು. ಆ ಮುಖ ನೋಡಿ ನನಗೆ ಸಂಕಟವಾಯಿತು. ಮತ್ತೆ ಮತ್ತೆ ಬೇಡಿಕೊಂಡೆ. ಕೊನೆಗೆ ಆಯಿ ಒಂದು ಶರತ್ತು ಹಾಕಿದರು. ಸದ್ಯಕ್ಕೆ ಓಡಲಿ. ಆದರೆ ಒಂದು ಸ್ಪರ್ಧೆಗೆ ತಾವೇ ಬಂದು ಕಣ್ಣಾರೆ ನೋಡುವುದು. ಉಳಿದ ಹುಡುಗಿಯರ ಮುಂದೆ ಮೊಮ್ಮಗಳ ದಮ್ಮು ಕಡಿಮೆ ಬಿತ್ತೆಂದರೆ ಅವತ್ತಿಗೇ ಓಟ ಬಂದ್. ನಾನು ಧೈರ್ಯವಾಗಿ ಒಪ್ಪಿದೆ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, ಇಷ್ಟು ಹೊಟ್ಟೆ ಇರುವವರು ಓಟ ಹೇಗೆ ಕಲಿಸುತ್ತಾರೆ ಎಂದು ಆಯಿ ಮಗನನ್ನು ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು.

ಭರಣಿಯ ಮೇಲಿನ ಗುಂಡು

ಇದರ ನಡುವೆ ಅರಕೇರಿಯ ಒಬ್ಬ ವಿದ್ಯಾರ್ಥಿಯ ಕಥೆ. ಗುಂಡು ಎಸೆತದಲ್ಲಿ ಗಟ್ಟಿಗ. ಬೇಸಿಗೆ ರಜೆಯಲ್ಲಿ ಅಭ್ಯಾಸ ಮಾಡುತ್ತೇನೆಂದು ಕಾಲೇಜಿನ ಕಬ್ಬಿಣದ ಗುಂಡನ್ನು ಮನೆಗೆ ಒಯ್ದ. ರಜೆ ಮುಗಿಯಿತು, ಅವನು ಬಂದ, ಗುಂಡು ಬರಲಿಲ್ಲ. ಕೇಳಿದರೆ ತಲೆ ತಗ್ಗಿಸುತ್ತಾನೆ. ಕೊನೆಗೆ ನಾನೇ ಅವನ ಮನೆಗೆ ಹೋದೆ.

ಅವನ ತಾಯಿ ಗುಂಡನ್ನು ಚೊಕ್ಕ ತೊಳೆದು, ಬಿಳಿ ಬಟ್ಟೆ ಸುತ್ತಿ, ಮಾವಿನಕಾಯಿಯ ಹೋಳು ಅದುಮಿಡಲು ಭರಣಿಯ ಮೇಲೆ ಹೇರಿದ್ದರು. ಇಷ್ಟು ಚಂದದ ಭಾರ ಕೊಟ್ಟಿದ್ದಕ್ಕೆ ನನಗೆ ಕೈ ಮುಗಿದರು. ವಾಪಸು ಬೇಕಿತ್ತು ಅಂದೆ. ಉಪ್ಪಿನಕಾಯಿ ಹದಕ್ಕೆ ಬರುವ ಮುಂಚೆ ಭರಣಿ ಮುಟ್ಟಿದರೆ ಬೂಸಲು ಹಿಡಿಯುತ್ತದೆ ಅಂದರು. ಅದರ ಮೇಲೆ ಮಾತಾಡಲು ನಾನು ಯಾರು? ಅಷ್ಟೂ ದಿನ ಅವನು ಹೊಲದ ಕಲ್ಲು ಎಸೆದೇ ಅಭ್ಯಾಸ ಮಾಡಿದ.

ಕೊನೆಗೊಂದು ದಿನ ಗುಂಡು ಬಂತು. ಜೊತೆಗೆ ನನಗೊಂದು ಡಬ್ಬಿ ಉಪ್ಪಿನಕಾಯಿ, ಮುಂದಿನ ಬೇಸಿಗೆಗೂ ಗುಂಡನ್ನು ಬೇರೆ ಯಾರಿಗೂ ಕೊಡಬಾರದು ಎಂಬ ಮಾತು.

ಹಿಂತಿರುಗಿ ನೋಡಬಾರದು

ಬೆಳಿಗ್ಗೆ ಹುಡುಗಿಯರನ್ನು ಗೋಳಗುಮ್ಮಟದ ಸುತ್ತಿನ ರಸ್ತೆಯಲ್ಲಿ ಓಡಿಸುತ್ತಿದ್ದೆ. ಅವರು ಮುಂದೆ, ನಾನು ಹಿಂದೆ ಸ್ಕೂಟರಿನಲ್ಲಿ. ಏನೇ ಆಗಲಿ, ಯಾರೇ ಕೂಗಲಿ, ಓಡುವಾಗ ಹಿಂತಿರುಗಿ ನೋಡಬಾರದು ಎಂದು ದಿನವೂ ಹೇಳುತ್ತಿದ್ದೆ.

ಒಂದು ದಿನ ಚಹಾದ ಅಂಗಡಿಯವನೂ ವಾಕಿಂಗ್ ಬಂದಿದ್ದ ನಾಲ್ಕಾರು ಹಿರಿಯರೂ ಸೇರಿ ನನ್ನ ಸ್ಕೂಟರನ್ನು ಅಡ್ಡಗಟ್ಟಿ ಕೀಲಿ ಕಿತ್ತುಕೊಂಡರು. ಈ ವಯಸ್ಸಿನಲ್ಲಿ ಹುಡುಗಿಯರ ಬೆನ್ನು ಹತ್ತಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಿದರು. ನಾನು ಕೋಚ್ ಅಂದೆ. ಸಿಕ್ಕಿಬಿದ್ದವರೆಲ್ಲ ಏನಾದರೊಂದು ಹೇಳುತ್ತಾರೆ ಅಂದರು. ಗಾಬರಿಯಾಗಿ ಹುಡುಗಿಯರನ್ನು ಕೂಗಿದೆ. ಒಬ್ಬಳೂ ಹಿಂತಿರುಗಿ ನೋಡಲಿಲ್ಲ. ನಾನು ಹೇಳಿದ್ದನ್ನು ಅಷ್ಟು ಚೆನ್ನಾಗಿ ಯಾರೂ ಎಂದೂ ಪಾಲಿಸಿರಲಿಲ್ಲ.

ಅವರು ಗುಮ್ಮಟ ಸುತ್ತಿ ಮರಳಿ ಬರುವವರೆಗೆ ಅಂಗಡಿಯ ಬೆಂಚಿನ ಮೇಲೆ ಕಳ್ಳನ ಹಾಗೆ ಕೂತೆ. ಎಲ್ಲರಿಗಿಂತ ಮುಂದೆ ಬಂದವಳು ಹೊನವಾಡದ ಹುಡುಗಿ. ಇವರು ನಿನಗೆ ಗೊತ್ತೇನಮ್ಮ ಎಂದು ಹಿರಿಯರೊಬ್ಬರು ಕೇಳಿದರು. ಅವಳು ನನ್ನನ್ನು ನೋಡಿದಳು. ಬಸ್ಸಿನ ದಿನ ನೆನಪಾಯಿತೋ ಏನೋ, ನಿಧಾನವಾಗಿ ನೀರು ಕುಡಿದು ಮುಗಿಸಿ, ಆಮೇಲೆ ನಮ್ಮ ಕೋಚ್ ಅಂದಳು.

ಬಬಲೇಶ್ವರದ ಓಟ

ಆ ಸಲದ ಅಂತರ ಕಾಲೇಜು ಕ್ರೀಡಾಕೂಟ ಬಬಲೇಶ್ವರದಲ್ಲಿ. ಆಯಿ ಬರುತ್ತೇನೆಂದು ಹೇಳಿ ಕಳಿಸಿದರು. ನನಗೆ ಹೆದರಿಕೆಯಿರಲಿಲ್ಲ. ಐದು ಸಾವಿರ ಮೀಟರಿನಲ್ಲಿ ನಮ್ಮ ಹುಡುಗಿಯನ್ನು ಹಿಂದೆ ಹಾಕುವವರು ಅಲ್ಲಿ ಯಾರೂ ಇರಲಿಲ್ಲ.

ಆದರೆ ಆಯಿ ಬರಿಗೈಯಲ್ಲಿ ಬರಲಿಲ್ಲ. ದೊಡ್ಡ ಡಬ್ಬಿಯ ತುಂಬ ಗೋಧಿ ಚಪಾತಿಯ ಪುಡಿಗೆ ಬೆಲ್ಲ ಹಾಕಿದ ಮಾದಲಿ, ಅದರ ಮೇಲೆ ತುಪ್ಪ, ಒಂದು ಚರಿಗೆ ಹಾಲು. ಹಸಿದ ಹೊಟ್ಟೆಯಲ್ಲಿ ಮಕ್ಕಳನ್ನು ಕೆಲಸಕ್ಕೆ ಹಚ್ಚುವ ಮನೆತನ ಅವರದಲ್ಲ. ಓಟಕ್ಕೆ ಮುಂಚೆ ತಿನ್ನಬಾರದು ಎಂದು ಹೇಳಲು ಹೋದೆ, ನನಗೂ ಒಂದು ತಾಟು ಹಚ್ಚಿಬಿಟ್ಟರು. ಹುಡುಗಿ ನನ್ನ ಮುಖ ನೋಡಿದಳು. ಬೇಡವೆಂದರೆ ಆಯಿ ಸಿಟ್ಟಾಗಿ ಓಟ ಬಂದ್. ತಿಂದರೆ ಸೋತು ಓಟ ಬಂದ್. ಪಾಪ, ತಿಂದಳು. ಆಯಿ ಮತ್ತೆ ಬಡಿಸಿದರು, ಅದನ್ನೂ ತಿಂದಳು.

ಅರ್ಧ ಓಟಕ್ಕೇ ಪಕ್ಕೆ ಹಿಡಿದುಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಅವಳನ್ನು ದಾಟಿ ಹೋದರು. ಮೊದಲಿನವಳು ಕೊನೆಯ ಗೆರೆ ಮುಟ್ಟಿ ನೆಲಕ್ಕೆ ಕೂತಳು. ಎರಡನೆಯವಳು ಅವಳ ಪಕ್ಕದಲ್ಲೇ ಬಿದ್ದಳು. ಉಳಿದವರೂ ಬಂದು ಅಲ್ಲಲ್ಲೇ ಅಂಗಾತ ಮಲಗಿದರು. ಮೈದಾನದಲ್ಲಿ ನಮ್ಮವಳೊಬ್ಬಳೇ ಉಳಿದಳು. ಅಳುತ್ತಿದ್ದಳು, ಆದರೆ ನಿಲ್ಲಲಿಲ್ಲ. ಜನ ಕನಿಕರಪಟ್ಟು ಚಪ್ಪಾಳೆ ಹೊಡೆದರು. ಆಯಿಗೆ ಏನು ಹೇಳಲಿ ಎಂದು ತಿರುಗಿದರೆ, ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೆಮ್ಮೆಯಿಂದ ಎದ್ದು ನಿಂತಿದ್ದರು.

"ನೋಡ್ರಿ ಮಾಸ್ತರ, ಉಳದಾರೆಲ್ಲಾ ದಮ್ಮ ಸಾಲದ ಕುಸದ ಬಿದ್ರು. ನಮ್ಮಾಕಿ ಒಬ್ಬಾಕಿನ ಇನ್ನೂ ಓಡಾಕತ್ತಾಳ."

ನಿಜ ಹೇಳಲು ಬಾಯಿ ತೆರೆದೆ. ಏದುಸಿರು ಬಿಡುತ್ತ ಬರುತ್ತಿದ್ದ ಹುಡುಗಿಯನ್ನು ನೋಡಿ ಮುಚ್ಚಿದೆ. ಅವಳು ಗೆರೆ ದಾಟಿ ನೇರ ಬಂದು ಆಯಿಯ ಕಾಲ ಹತ್ತಿರ ಕೂತು, ಇನ್ನು ಓಡಬೇಡ ಅನ್ನುತ್ತೀಯಲ್ಲ ಎಂದು ಬಿಕ್ಕಿದಳು. ಯಾಕೆ ಅನ್ನಲಿ, ನೀನು ಇನ್ನೂ ಓಡುತ್ತಿದ್ದೆ, ಇವರೇ ಅವಸರ ಮಾಡಿ ನಿಲ್ಲಿಸಿದರು ಎಂದು ಆಯಿ ಅವಳ ಬೆವರು ಒರೆಸಿದರು. ಮುಂದಿನ ಓಟ ಯಾವಾಗ ಎಂದು ನನ್ನನ್ನು ಕೇಳಿದರು.

ಆಮೇಲೆ ಆಯಿ ಡಬ್ಬಿಯಲ್ಲಿ ಉಳಿದಿದ್ದ ಮಾದಲಿ ಹಿಡಿದುಕೊಂಡು, ಕೊರಳಲ್ಲಿ ಮೊದಲ ಸ್ಥಾನದ ಪದಕ ಹಾಕಿಕೊಂಡು ನಿಂತಿದ್ದ ಹುಡುಗಿಯ ಹತ್ತಿರ ಹೋದರು. ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಬೇಜಾರು ಮಾಡಿಕೊಳ್ಳಬೇಡ ಎಂದು ತಲೆ ಸವರಿದರು.

"ಹೊಟ್ಟಿ ತುಂಬ ಉಣ್ಣಬೇಕವ್ವಾ. ಉಣ್ಣಲಿಲ್ಲಂದ್ರ ನೋಡ, ಹಿಂಗ ಎಲ್ಲಾರಕಿಂತ ಮೊದಲ ನಿಲ್ಲಬೇಕಾಗತೈತಿ."